ನೆಲಮಹಡಿ ಮತ್ತು ಬೀಗಿತ್ತಿ

ಮಾವ ಬಿದ್ದದ್ದು ಲಿಫ್ಟಿನಿಂದಲ್ಲ, ಮೆಟ್ಟಿಲಿನಿಂದ. ಹದಿನೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯ, ರಿಪೇರಿಗೆಂದು ತಾನೇ ನಿಲ್ಲಿಸಿದ ಲಿಫ್ಟಿನ ಪಕ್ಕದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ಈ ವ್ಯತ್ಯಾಸ ಅಜ್ಜಿಯ ತಲೆಗೆ ಹೋಗಲಿಲ್ಲ. ಅವಳ ಪಾಲಿಗೆ ಲಿಫ್ಟ್ ಅಂದರೆ ಬಾವಿಗಿಳಿಬಿಟ್ಟ ಕೊಡ. ಕರೆಂಟ್ ಹೋದರೆ ಹಗ್ಗ ಕೈಬಿಟ್ಟಂತೆ. ಮಗ ಇನ್ನು ಆ ಕೆಲಸಕ್ಕೆ ಹೋಗಕೂಡದು, ಪ್ಲಾಸ್ಟರ್ ಬಿಚ್ಚಿದ ಮರುದಿನದಿಂದ ಭಾವನ, ಅಂದರೆ ನನ್ನ ಅಪ್ಪನ, ಕನ್ನಡಕದ ಅಂಗಡಿಯಲ್ಲಿ ಕೂರಬೇಕು ಎಂದು ತೀರ್ಪು ಕೊಟ್ಟಳು. ಮಾವ ಎದುರಾಡಲಿಲ್ಲ. ಮಾತೇ ನಿಲ್ಲಿಸಿದ.

ಪದವಿ ಮುಗಿಸಿ ಒಂದು ವರ್ಷ ಮನೆಯಲ್ಲೇ ಕೂತ ನನಗೆ ಮೌನದ ಬಗೆಗಳು ಗೊತ್ತು. ಮಾವನದು ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನ ಮೌನ: ಒಳಗೆ ಜನ ಇದ್ದಾರೆ, ಬಾಗಿಲು ತೆರೆಯುತ್ತಿಲ್ಲ. ಅದನ್ನು ಮೀಟಿ ನೋಡೋಣವೆಂದು ನನ್ನ ವಿಡಿಯೋ ಗೇಮನ್ನು ಅವನ ಮಂಚದ ಎದುರಿನ ಟಿವಿಗೆ ಜೋಡಿಸಿದೆ. ನೂರು ಕಿಲೋ ಮೀರದಂತೆ ಒಂದು ಕಾದಾಡುವ ರೋಬೋ ಕಟ್ಟುವ ಆಟ ಅದು. ಚಕ್ರ, ಮೋಟರು, ಬ್ಯಾಟರಿ, ತಗಡು, ಆಯುಧ ಎಲ್ಲವನ್ನೂ ಪಟ್ಟಿಯಿಂದ ಆರಿಸಬೇಕು. ಆಮೇಲೆ, ನಡುವೆ ಗುಂಡಿಯಿರುವ ಕಣದಲ್ಲಿ ಎದುರಾಳಿಯನ್ನು ಪುಡಿಮಾಡಬೇಕು, ಇಲ್ಲವೇ ಗುಂಡಿಗೆ ಕೆಡವಬೇಕು. ಹತ್ತು ಎಣಿಸುವವರೆಗೆ ಅಲುಗಾಡದೆ ನಿಂತವರು ಸೋತ ಹಾಗೆ.

ಮಾವ ಗೋಡೆಯ ಕಡೆ ಹೊರಳಿದ. ಸುಮ್ಮನೆ ನೋಡಿಬಿಡೋಣವೆಂದು ಕಂಟ್ರೋಲರನ್ನು ಕೈಗೆತ್ತಿಕೊಂಡವಳು ಅಜ್ಜಿ.

ಆರು ವಾರದಲ್ಲಿ ಅವಳು ಹೆದರಿಕೆ ಹುಟ್ಟಿಸುವಷ್ಟು ಪಳಗಿದಳು. ಅವಳ ರೋಬೋಗೆ ನೇರಳೆ ಬಣ್ಣ, ನೆತ್ತಿಯ ಮೇಲೆ ದೊಡ್ಡ ಸುತ್ತಿಗೆ, ಹೆಸರು ಬೀಗಿತ್ತಿ. ಯಾಕೆ ಆ ಹೆಸರೆಂದು ಕೇಳಿದರೆ ಮಂಚದ ಕಡೆ ಗದ್ದ ತೋರಿಸಿದಳು. “ಇವನು ಮದುವೆಯಾಗಿದ್ರೆ ನನಗೆ ಇನ್ನೊಬ್ಬ ಬೀಗಿತ್ತಿ ಸಿಗ್ತಿದ್ದಳು. ಸಿಗಲಿಲ್ಲ. ನಾನೇ ಮಾಡ್ಕೊಂಡೆ.”

ಪ್ಲಾಸ್ಟರ್ ಬಿಚ್ಚುವ ಹಿಂದಿನ ದಿನ, ಮಧ್ಯಾಹ್ನ, ನನ್ನ ಮೂರನೇ ರೋಬೋ ಸುತ್ತಿಗೆಗೆ ಬಲಿಯಾದ ಹೊತ್ತಿಗೆ, ಗೋಡೆಯ ಕಡೆಯಿಂದ ದನಿ ಬಂತು.

“ಅಮ್ಮಾ, ಇದರಲ್ಲಿ ನಿನ್ನನ್ನ ಸೋಲಿಸಿದ್ರೆ ನನ್ನ ಕೆಲಸಕ್ಕೆ ಕಳಿಸ್ತೀಯಾ?”

ಅಜ್ಜಿ ಅವನ ಕಡೆ ತಿರುಗಿದಳು. “ಮೂರು ಆಟ. ಒಂದೇ ಒಂದು ಗೆಲ್ಲು, ಸಾಕು. ಸೋತರೆ ಅಂಗಡಿ, ಬಾಯಿ ಮುಚ್ಕೊಂಡು.”

ಮಾವ ಎದ್ದು ಕೂತ. ಕಟ್ಟುವುದು ಅವನು, ಬಟನ್ ಒತ್ತುವುದು ನಾನು. ಮೊದಲಿಗೇ ಅವನು ಮೂವತ್ತು ಕಿಲೋದ ಕಬ್ಬಿಣದ ಗಟ್ಟಿಯನ್ನು ಹಿಂಭಾಗಕ್ಕೆ ಹೇರಿಸಿದ. ಲಿಫ್ಟಿಗಿರುವಂಥ ಎದುರು ತೂಕವಿಲ್ಲದೆ ಯಾವುದನ್ನೂ ಅಲ್ಲಾಡಿಸಬಾರದಂತೆ. ಆಮೇಲೆ ಪಟ್ಟಿಯ ತಳದಲ್ಲಿ, ಯಾರೂ ಮೂಸಿ ನೋಡದ ಒಂದು ಬ್ರೇಕನ್ನು ಹುಡುಕಿ ಹಾಕಿಸಿದ. ಕರೆಂಟ್ ಇರುವಷ್ಟು ಹೊತ್ತು ಮಾತ್ರ ಚಕ್ರ ಬಿಡುವ ಬ್ರೇಕು. ಕರೆಂಟ್ ಹೋದ ಕೂಡಲೇ ಕಚ್ಚಿ ಹಿಡಿಯುತ್ತದೆ. ಅದನ್ನು ಬಿಡಿಸಿಟ್ಟುಕೊಳ್ಳುವುದಕ್ಕೇ ಅರ್ಧ ಬ್ಯಾಟರಿ ಖರ್ಚಾಗುತ್ತದೆಂದು ನಾನು ಬೇಡಿಕೊಂಡೆ. ಅವನು ಕೇಳಲಿಲ್ಲ. ಮುಂದೆ ನೆಲಕ್ಕೆ ತಾಗುವಂತೆ ಇಳಿಜಾರಿನ ಒಂದು ತಗಡು ಕೂರಿಸುವಷ್ಟರಲ್ಲಿ ನೂರು ಕಿಲೋ ಮುಗಿಯಿತು.

“ಆಯುಧ?” ಅಂದೆ.

“ಏನಮ್ಮ ಪದವೀಧರೆ, ಲಿಫ್ಟಿಗೆ ಆಯುಧ ಯಾಕೆ?” ಆರು ವಾರದಲ್ಲಿ ಮೊದಲ ಸಲ ಅವನು ನಕ್ಕಿದ್ದ. ನಮ್ಮ ರೋಬೋಗೆ ನೆಲಮಹಡಿ ಎಂದು ಹೆಸರಿಟ್ಟ.

ಮೊದಲ ಆಟ ಒಂದು ನಿಮಿಷವೂ ನಡೆಯಲಿಲ್ಲ. ಬ್ಯಾಟರಿ ಬರಿದಾಗಿ ಬ್ರೇಕ್ ಕಚ್ಚಿತು, ನೆಲಮಹಡಿ ನಿಂತಲ್ಲೇ ಕಂಬವಾಯಿತು, ಬೀಗಿತ್ತಿ ಸುತ್ತ ಪ್ರದಕ್ಷಿಣೆ ಹಾಕುತ್ತಾ ಬಡಿದು ಪುಡಿ ಮಾಡಿದಳು. ನಿಮ್ಮದು ಧ್ಯಾನಕ್ಕೆ ಕೂತಿದೆ, ಎಬ್ಬಿಸಬೇಡಿ ಎಂದು ಅಜ್ಜಿ ಹಂಗಿಸಿದಳು. ಎರಡನೆಯದರಲ್ಲಿ ಬೀಗಿತ್ತಿ ಮೂಲೆಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದಳು. ಅವಳು ಬಿಡಿಸಿಕೊಂಡು ಬರುವಷ್ಟರಲ್ಲಿ ನಮ್ಮ ಬ್ಯಾಟರಿ ಮತ್ತೆ ಬರಿದಾಗಿ ಹತ್ತು ಎಣಿಕೆ ಮುಗಿದಿತ್ತು. ಗೆದ್ದರೂ ಅಜ್ಜಿಯ ಮುಖ ಬಾಡಿತು.

“ಥೂ. ಒಂದು ಏಟೂ ಹಾಕದೆ ಗೆಲ್ಲೋದು ಒಂದು ಗೆಲುವೇ?”

ಬ್ರೇಕು ತೆಗೆದುಬಿಡೋಣವೆಂದು ನಾನು ಮಾವನ ಕಿವಿಯಲ್ಲಿ ಗೋಗರೆದೆ. ಬೇಡ, ಗುಂಡಿಯ ಅಂಚಿಗೆ ಬೆನ್ನು ಮಾಡಿ ನಿಲ್ಲಿಸು, ಅಷ್ಟೇ ಸಾಕು ಎಂದ.

ಮೂರನೆಯ ಆಟ. ನೆಲಮಹಡಿಯನ್ನು ಗುಂಡಿಯ ಅಂಚಿಗೆ ಒಯ್ದು ಮುಖವನ್ನು ಬೀಗಿತ್ತಿಯ ಕಡೆ ತಿರುಗಿಸಿದೆ. ಬ್ಯಾಟರಿ ಸತ್ತಿತು. ಬ್ರೇಕ್ ಕಚ್ಚಿತು. ಎಣಿಕೆ ಶುರುವಾಯಿತು: ಒಂದು, ಎರಡು. ಹತ್ತರವರೆಗೆ ಅಜ್ಜಿ ಕೈಕಟ್ಟಿ ಕೂತಿದ್ದರೆ ಮಾವ ಕನ್ನಡಕ ಮಾರುವುದು ಖಚಿತವಿತ್ತು. ಆದರೆ ಕೈಕಟ್ಟಿ ಕೂರುವುದು ಅವಳ ಜಾಯಮಾನದಲ್ಲೇ ಇಲ್ಲ. ಹೆಸರಿಗೆ ತಕ್ಕ ಹಾಗೆ ಬೀಗುತ್ತಾ ಬೀಗಿತ್ತಿ ಹಿಂದೆ ಸರಿದಳು, ಸೆರಗು ಸಿಕ್ಕಿಸಿದವಳಂತೆ ಇನ್ನೂ ಹಿಂದೆ ಸರಿದಳು, ಗೋಡೆಗೆ ತಾಗಿದಳು. ಐದು, ಆರು. ಕೋಣೆಯಲ್ಲಿ ಅಷ್ಟು ತುಂಬಿದ ಮೌನವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಏಳಕ್ಕೆ ನುಗ್ಗಿದಳು. ಗುದ್ದಿದಳು. ನೆಲಮಹಡಿ ಕೂದಲೆಳೆಯಷ್ಟೂ ಜರುಗಲಿಲ್ಲ. ಬೀಗಿತ್ತಿ ಇಳಿಜಾರಿನ ತಗಡನ್ನು ಸರ್ರನೆ ಏರಿ, ನಮ್ಮ ತಲೆಯ ಮೇಲೆ ಹಾದು, ಸುತ್ತಿಗೆ ಬೀಸುತ್ತಲೇ, ನೇರಳೆ ಹಣ್ಣು ಉದುರಿದ ಹಾಗೆ ಗುಂಡಿಗೆ ಬಿದ್ದಳು.

ನಾನು ಮಂಚದ ಮೇಲೆ ಹತ್ತಿ ಕುಣಿದೆ. ಮಾವ ಪ್ಲಾಸ್ಟರನ್ನೇ ಮದ್ದಳೆ ಮಾಡಿಕೊಂಡ. ಹೊಟ್ಟೆ ಹಿಡಿದು ನಕ್ಕು, ನಗು ನಿಲ್ಲಿಸಲಾಗದೆ ಬಿಕ್ಕಳಿಸಿದ. ಅಜ್ಜಿ ಮಾತ್ರ ಟಿವಿಯನ್ನೇ ನೋಡುತ್ತಿದ್ದಳು.

“ಅದಕ್ಕೆ ಕರೆಂಟ್ ಇರಲಿಲ್ಲ ಅಲ್ವಾ?”

“ಇರಲಿಲ್ಲಮ್ಮ.”

“ಆದರೂ ಬೀಳಲಿಲ್ಲ.”

“ಕರೆಂಟ್ ಹೋದರೇನೇ ಅದು ಹಿಡ್ಕೊಳ್ಳೋದು. ನಾನು ದಿನಾ ನೋಡೋ ಲಿಫ್ಟಲ್ಲೂ ಇದೇ ಬ್ರೇಕು. ಹದಿನೆಂಟು ವರ್ಷದಿಂದ ಹೇಳಬೇಕು ಅಂತಿದ್ದೆ, ನೀನು ಕೇಳಲಿಲ್ಲ.”

ಅಜ್ಜಿ ಕೈಯಲ್ಲಿದ್ದ ಕಂಟ್ರೋಲರನ್ನು ಅವನ ಮಡಿಲಿಗೆ ಹಾಕಿದಳು.

“ಅಂಗಡಿಗೆ ಬರಲ್ಲ ಅಂತ ನಿಮ್ಮ ಭಾವನಿಗೆ ನೀನೇ ಹೇಳು. ಅದಕ್ಕೂ ಮುಂಚೆ ನನ್ನ ಬೀಗಿತ್ತಿಗೂ ಆ ಬ್ರೇಕು ಹಾಕಿಕೊಡು. ಮತ್ತೆ ಇನ್ನೊಂದು ಮಾತು. ಮೆಟ್ಟಿಲು ಹತ್ತಬೇಡ. ಎಲ್ಲಿಗೆ ಹೋದರೂ ಲಿಫ್ಟಲ್ಲೇ ಹೋಗು.”

“ಅಮ್ಮಾ, ನನ್ನನ್ನ ಕರೆಯೋದೇ ಲಿಫ್ಟ್ ಕೆಟ್ಟಾಗ.”

“ಹಾಗಾದ್ರೆ ಕೆಳಗೇ ನಿಂತು ರಿಪೇರಿ ಮಾಡು,” ಎಂದು ಅವಳು ಮಂಚದ ಮೇಲೆ ಅವನ ಪಕ್ಕ ಜಾಗ ಮಾಡಿಕೊಂಡು ಕೂತಳು.