ಕತ್ತರಿಗೆ ಸಿಕ್ಕ ಹಸಿರು ತುದಿ

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಬಂದರು — ಅಲ್ಲ, ಅತ್ತೆಯದಲ್ಲ, ಮೇಲಿನ ಮನೆಯ ಮೇಷ್ಟ್ರದು, ಎಡಗಾಲು ಎಳೆಯುವವರು ಅವರೊಬ್ಬರೇ, ಅತ್ತೆಯ ಹೆಜ್ಜೆಗಾದರೆ ಮೆಟ್ಟಿಲಿಗೇ ಭಯ, ಮಗಳ ಮನೆಯಲ್ಲಿ ಐದು ವಾರ ಮಂಡಿಗೆ ಚಿಕಿತ್ಸೆ ಮಾಡಿಸಿಕೊಂಡು ಇವತ್ತು ಬರುತ್ತಿದ್ದಾರೆ, ಕರೆತರಲು ಇವರು ಬಸ್ ನಿಲ್ದಾಣಕ್ಕೆ ಹೋಗಿ ಅರ್ಧ ಗಂಟೆಯಾಯಿತು, ಅರ್ಧ ಗಂಟೆಯಲ್ಲಿ ನಾನು ಹೊಲಿದದ್ದು ಒಂದು ತೋಳು, ಅದೂ ಒಳಹೊರಗು, ಬಿಚ್ಚಬೇಕು, ಬಟ್ಟೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಆ ಹಸಿರು ತುದಿಯನ್ನು ಏನು ಮಾಡಲಿ. ಕಿಟಕಿಕಟ್ಟೆಯ ಮೇಲೆ ಆರ್ಕಿಡ್ ದಪ್ಪ ಎಲೆಗಳನ್ನು ಚಾಚಿಕೊಂಡು ಕೂತಿದೆ, ಏನೂ ಆಗೇ ಇಲ್ಲವೆನ್ನುವ ಹಾಗೆ, ಮಣ್ಣು ಕೂಡ ಬೇಡದ ಗಿಡ, ತೊಗಟೆಯ ಚೂರುಗಳ ಮೇಲೆ ಸಂಸಾರ, ಮಾವ ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಅವರೇ ತಂದದ್ದು, ಆಗ ಮೈತುಂಬ ಹೂವಿತ್ತು, ಆಮೇಲೆ ಮೂರು ವರ್ಷ ಎಲೆಯೇ ಎಲೆ, ಅತ್ತೆ ಮಾತ್ರ ದಿನಾ ಒದ್ದೆ ಬಟ್ಟೆಯಿಂದ ಆ ಎಲೆ ಒರೆಸುತ್ತ ಅದಕ್ಕೆ ಬೀದಿಯ ಸುದ್ದಿಯೆಲ್ಲ ಒಪ್ಪಿಸುತ್ತಿದ್ದರು, ನನ್ನ ಮೇಲಿನ ದೂರೂ ಸೇರಿ, ನಾನು ಪಕ್ಕದಲ್ಲೇ ಮಿಷನ್ ತುಳಿಯುತ್ತಿದ್ದರೂ. ಉಪ್ಪಿನ ಡಬ್ಬಿಯನ್ನೂ ನನ್ನ ಕೈಗೆ ಬಿಡದ ಹೆಂಗಸು ಹೊರಡುವ ದಿನ ಕನ್ನಡಕ ಏರಿಸಿ ಗಿಡವನ್ನು ನೋಡಿ, ಹೂವಿನ ಕಡ್ಡಿ ಮೊಳೀತಿದೆ ಕಣೇ, ನಿನ್ನ ಕೈಗೆ ಬಿಟ್ಟು ಹೋಗ್ತಿದ್ದೀನಿ, ಅಂದರು. ನನ್ನ ಕೈಗೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಕೈಯದೇ ತಪ್ಪು. ಆರನೆಯ ದಿನ, ಫೋನು ಕಿವಿಗೂ ಭುಜಕ್ಕೂ ನಡುವೆ, ಆ ಕಡೆಯಿಂದ ಗಿರಾಕಿ, ಸೊಂಟ ಬಿಗಿಯಾಗಿದೆಯಂತೆ, ಅಳತೆ ಕೊಟ್ಟಾಗ ಇಲ್ಲದ ಸೊಂಟ ಈಗೆಲ್ಲಿಂದ ಬಂತು ಅಂತ ಕೇಳುವ ಹಾಗಿಲ್ಲ, ಹೂಂ ಹೂಂ ಅನ್ನುತ್ತ ಕಿಟಕಿಯ ಹತ್ತಿರ ನಿಂತಿದ್ದೆ, ಬಲಗೈಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿ, ಕುಂಡದ ಅಂಚಿನಿಂದ ಬೂದುಬಣ್ಣದ್ದೊಂದು ಎಳೆ ಹೊರಗೆ ಜೋತಿತ್ತು, ಜೋತದ್ದನ್ನು ಕತ್ತರಿಸುವುದು ಇಪ್ಪತ್ತು ವರ್ಷದ ಅಭ್ಯಾಸ, ಕೈ ನನ್ನನ್ನು ಕೇಳಲಿಲ್ಲ — ಕಚಕ್. ನೆಲದ ಮೇಲೆ, ಬಟ್ಟೆಚೂರುಗಳ ನಡುವೆ, ಬೆಂಕಿಕಡ್ಡಿಯಷ್ಟು ಉದ್ದದ್ದು, ತುದಿಯಲ್ಲಿ ಹಸಿರು, ಎಣ್ಣೆ ಸವರಿದಂಥ ಹೊಳೆಯುವ ಹಸಿರು. ಅಂಟಿಸಬಹುದಾ ಅಂತ ಇವರನ್ನು ಕೇಳಿದೆ, ಹೊಲಿಗೆ ಹಾಕು, ನಿನಗೆ ಬರೋದು ಅದೇ ಅಲ್ವಾ, ಅಂದರು, ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, ನಾನು ಹೇಳಲ್ಲ, ಆದ್ರೆ ನೀನು ಅಮ್ಮನಿಗೆ ಹೇಳಿಬಿಡ್ಬೇಕು, ಅಂದರು, ಈ ಮನುಷ್ಯನ ಧೈರ್ಯ ಯಾವಾಗಲೂ ಇನ್ನೊಬ್ಬರ ಬಾಯಲ್ಲಿ. ಅವತ್ತಿನಿಂದ ಗಿಡ ಮುಟ್ಟಿಲ್ಲ, ಭಾನುವಾರಕ್ಕೆ ಒಂದು ಲೋಟ ನೀರು, ಅದೂ ಕಣ್ಣು ತಪ್ಪಿಸಿ, ಕುಂಡ ಕೂದಲೆಳೆಯಷ್ಟೂ ಅಲುಗದ ಹಾಗೆ, ಅತ್ತೆ ಫೋನು ಮಾಡಿದಾಗೆಲ್ಲ ಮೊದಲು ಗಿಡ, ಆಮೇಲೆ ಮಂಡಿ, ಚೆನ್ನಾಗಿದೆ ಅತ್ತೆ, ಅನ್ನುತ್ತಿದ್ದೆ, ಎಲೆ ಚೆನ್ನಾಗಿಯೇ ಇದ್ದವಲ್ಲ, ಪೂರ್ತಿ ಸುಳ್ಳೇನಲ್ಲ, ಆದರೆ ಬೀನ್ಸ್ ಮುರಿಯುವಾಗ ಆ ತುದಿ, ಸೂಜಿಗೆ ದಾರ ಪೋಣಿಸುವಾಗ ಆ ತುದಿ, ಕಣ್ಣು ಮುಚ್ಚಿದರೆ ಇನ್ನೂ ದೊಡ್ಡದಾಗಿ —

ಬಾಗಿಲು. ಇವರ ಕೈಯಲ್ಲಿ ಚೀಲ, ಹಿಂದೆ ಅತ್ತೆ, ಮೈ ಸ್ವಲ್ಪ ಇಳಿದಿದೆ, ಚಪ್ಪಲಿ ಬಿಡುವ ಮುಂಚೆಯೇ ಕಣ್ಣು ಕಿಟಕಿಗೆ, ಕೂತ್ಕೊಳ್ಳಿ ಅತ್ತೆ, ನೀರು ತರಲಾ, ಬೇಡ, ಒಳಗೆ ಹೋದರೆ ಹೇಳಲಾರೆ, ಅತ್ತೆ, ಹೂವಿನ ಕಡ್ಡಿ ನಾನು ಕತ್ತರಿಸಿಬಿಟ್ಟೆ. ಬಿಸಾಡಲು ಮನಸ್ಸಾಗದೆ ಸೂಜಿಡಬ್ಬಿಯಲ್ಲಿ ಇಟ್ಟಿದ್ದ ಆ ತುಂಡನ್ನು ಅವರ ಅಂಗೈಗೆ ಹಾಕಿದೆ, ಒಣಗಿ ನುಲಿದಿತ್ತು, ಹೊರಳಿಸಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ ನೋಡಿದರು, ಇವರು ಚೀಲ ಕೆಳಗಿಡುವುದನ್ನೂ ಮರೆತಿದ್ದರು, ಇದು ಬೇರು ಕಣೇ, ಅಂದರು ಅತ್ತೆ. ಈ ಗಿಡಕ್ಕೆ ಗಾಳಿಯಲ್ಲೂ ಬೇರು ಬರುತ್ತೆ, ಒಂದು ಹೋದ್ರೆ ಇನ್ನು ಹತ್ತಿವೆ, ಕಡ್ಡಿ ಇರೋದು ಆ ಕಡೆ. ಬೇರು, ಬರೀ ಬೇರು, ನಾಲ್ಕು ವಾರ ಒಂದು ಬೇರಿಗಾಗಿ ಅನ್ನ ಸೇರದೆ ಕೂತಿದ್ದೆ, ನಗುವೂ ಅಳುವೂ ಒಂದೇ ಬಾಗಿಲಲ್ಲಿ ನೂಕಾಡುತ್ತಿವೆ, ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗೆ, ಅತ್ತೆ ಆಗಲೇ ಕಿಟಕಿಯ ಹತ್ತಿರ, ಕುಂಡ ತಿರುಗಿಸಿದ್ಯಾ, ಇಲ್ಲ ಅತ್ತೆ, ಭಯಕ್ಕೆ ಮುಟ್ಟೇ ಇಲ್ಲ, ಒಳ್ಳೇದಾಯ್ತು, ತಿರುಗಿಸಿದ್ರೆ ಕಡ್ಡಿ ಸೊಟ್ಟಗಾಗ್ತಿತ್ತು, ನಾನಿದ್ದಿದ್ರೆ ಮುಟ್ಟಿ ಮುಟ್ಟಿ ಕೆಡಿಸ್ತಿದ್ದೆ, ಮೂರು ವರ್ಷ ಅದನ್ನೇ ಮಾಡಿದ್ದು ಅಂತ ಕಾಣುತ್ತೆ, ಅರಳೋವರೆಗೂ ನೀನೇ ನೋಡ್ಕೋ. ನಾನೇ. ಬಾ ಇಲ್ಲಿ, ಬಗ್ಗಿ ನೋಡು, ಅತ್ತೆಯ ಕೈ ನನ್ನ ಭುಜದ ಮೇಲೆ, ಮಂಡಿಗೆ ಆಸರೆಗೋ ಇನ್ಯಾತಕ್ಕೋ, ಭಾರವಾಗಿದೆ, ಇರಲಿ, ಬಗ್ಗುತ್ತೇನೆ, ಎಲೆಗಳ ಹಿಂದೆ, ನಾನು ಒಂದು ದಿನವೂ ನೋಡದ ಮಗ್ಗುಲಲ್ಲಿ ಗೇಣುದ್ದದ ಕಡ್ಡಿ, ಅದರ ಮೇಲೆ ಮೊಗ್ಗು, ನಾಲ್ಕು, ಅಲ್ಲ, ಐದು, ಅದರಾಚೆಗೆ ತುದಿ, ಹಸಿರು ತುದಿ, ಗಾಜಿಗೆ ಮೂಗು ಒತ್ತಿಕೊಂಡು ಬೀದಿ ನೋಡುತ್ತಿರುವ ಹಸಿರು ತುದಿ