ಚಂಪಕ್ಕನ ಹೂಂ

ಕಡಲ ದಡದ ಕೇಣಿ ಊರಿನಲ್ಲಿ ಕತೆ ಹೇಳುವುದೆಂದರೆ ಹುಡುಗಾಟವಲ್ಲ. ಕೇಳುವವರಲ್ಲಿ ಒಬ್ಬರು ಮಾತುಮಾತಿಗೂ ಹೂಂಗುಡಬೇಕು. ಹೂಂ ನಿಂತಿತೋ, ಕತೆಯೂ ಅಲ್ಲೇ ನಿಂತಿತು. ಕಾರವಾರದ ಶಾಲೆಗಳಲ್ಲಿ ಮೈಕು ಹಿಡಿದು ಕತೆ ಹೇಳಿ ಚಪ್ಪಾಳೆ ಗಿಟ್ಟಿಸುವ ನೀತಾಗೂ ಇಲ್ಲಿ ಬೇರೆ ದಾರಿಯಿಲ್ಲ.

ಆ ಸಂಜೆ ಬಲೆ ಇಡುವ ಶೆಡ್ಡಿನಲ್ಲಿ ಊರವರು ಕತೆ ಕೇಳಲು ಸೇರಿದ್ದರು; ಹೂಂಗುಡಲು ಕೂತವಳು ಚಂಪಕ್ಕ. ಅಂಕೋಲೆ ಪೇಟೆಯಲ್ಲಿ ಮೀನು ಮಾರುತ್ತಲೇ ನೀತಾಗೆ ಕಡಲರಾಜನ ಕತೆ ಕಲಿಸಿದವಳೂ ಅವಳೇ. ಕತೆ ಇಷ್ಟು: ಕಡಲರಾಜ ಒಬ್ಬ ಮೀನುಗಾರರ ಹುಡುಗನನ್ನು ಅಳಿಯನನ್ನಾಗಿ ಮಾಡಿಕೊಳ್ಳುತ್ತಾನೆ. ಹುಡುಗ ಮರಳಿ ಬರುವುದಿಲ್ಲ. ಅವನ ಆಯಿ, ಅಂದರೆ ತಾಯಿ, ದಿನಾ ದಡಕ್ಕೆ ಬಂದು ಅವನಿಗೆ ಊರಿನ ಸುದ್ದಿ ಹೇಳುತ್ತಾಳೆ.

ಆದರೆ ಹೋದ ವರ್ಷ ಚಂಪಕ್ಕನ ಮಗ ಭರತನನ್ನೇ ಕಡಲು ನುಂಗಿತ್ತು. ಹೆಣವೂ ಸಿಕ್ಕಿರಲಿಲ್ಲ. ಅಂಥವಳೇ ಇವತ್ತು ಅದೇ ಕತೆ ಬೇಕೆಂದು ಹಟ ಹಿಡಿದಿದ್ದಳು. ನೀತಾ ಇಕ್ಕಟ್ಟಿಗೆ ಸಿಕ್ಕಿದಳು. ಆ ತಾಯಿಯ ಎದುರು ಅದನ್ನು ಹೇಗಪ್ಪಾ ಹೇಳುವುದು? ಕೊನೆ ಬದಲಿಸಿದರಾಯಿತು ಅಂದುಕೊಂಡಳು. ಕತೆ ತಿದ್ದುವುದು ಅವಳಿಗೇನು ಹೊಸದೇ?

"ಕಡಲರಾಜನ ಮನಸ್ಸು ಕರಗ್ತು. ಹುಡುಗ ತೆರೆ ಹತ್ತಿ ಮನಿಗೆ ಬಂದ."

ಹೂಂ ಬರಲಿಲ್ಲ.

"ಬಂದ, ಚಂಪಕ್ಕಾ. ಆಯಿ ಕೈಯೂಟ ಉಂಡ."

ಚಂಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಕೂತಳು. "ಯಾರ ಮನಿಗೆ ಬಂದ, ತಂಗಿ? ನನ್ನ ಮನಿಗಂತೂ ಬರ್ಲಿಲ್ಲ."

ನೀತಾ ಸಮಜಾಯಿಷಿಗೆ ಹೊರಟಳು. "ನಿಮ್ಗೆ ಬೇಜಾರ ಆಗ್ತದೆ ಅಂತ..."

"ಆಗ್ಲಿ! ಬೇಜಾರ ಆಗ್ದೆ ಇರೂಕೆ ನಾ ಏನ ಕಲ್ಲೇ? ಊರ ಮಂದಿ ಅವ್ನ ಹೆಸ್ರ ಎತ್ತೂದೇ ಬಿಟ್ರು. ನನ್ನ ಕಂಡ್ರೆ ಮಾತ ತಿರ್ಗಿಸ್ತ್ರು. ಆ ಕತಿ ಒಂದ್ರಲ್ಲೇ ಅವ್ನಿದ್ದ. ನೀ ಅಲ್ಲಿಂದ್ಲೂ ಎಬ್ಬಿಸ್ಕಂಡ ಬಂದ್ರೆ ನಾ ಅವ್ನ ಎಲ್ಲಿ ಹುಡ್ಕೂದು?"

ನೀತಾ ನಾಚಿಕೆಯಿಂದ ಕುಗ್ಗಿಹೋದಳು. ಕರುಣೆ ತೋರಲು ಹೊರಟು ತಾನೂ ಊರವರು ಮಾಡಿದ್ದನ್ನೇ ಮಾಡಿದ್ದಳು. ಕತೆಯನ್ನು ಬದಲಿಸಿದ ಜಾಗಕ್ಕೇ ಮರಳಿದಳು.

"ಹುಡುಗ ಬರ್ಲಿಲ್ಲ."

"ಹೂಂ."

"ಆಯಿ ದಡಕ್ಕೆ ಬಂದ್ಳು."

"ಹೂಂ."

"ಮಗಾ, ಅಂದ್ಳು..." ಅಷ್ಟರಲ್ಲಿ ನೀತಾಗೆ ಅಳು ಒತ್ತರಿಸಿ ಬಂತು.

ಚಂಪಕ್ಕ ಕಡಲಿನ ಕಡೆ ತಿರುಗಿ ಕತೆಯನ್ನು ತಾನೇ ಎತ್ತಿಕೊಂಡಳು.

"ಮಗಾ ಭರತಾ, ನಿನ್ನ ದೋಣಿಗೆ ಹೊಸ ಬಣ್ಣ ಹೊಡ್ದಾಯ್ತೋ. ನಿನ್ನ ತಂಗಿ ಬೇಬಿ ಮದ್ವಿ ಗೊತ್ತಾಯ್ತು."

ನೀತಾ ಕಣ್ಣೊರೆಸಿಕೊಂಡು ಹೂಂ ಅಂದಳು. ಅವಳ ಹಿಂದೆ ಶೆಡ್ಡಿಗೆ ಶೆಡ್ಡೇ ಹೂಂ ಅಂದಿತು.