ಬ್ರೆಡ್ ಕಂಪನಿಯ ಕಾರ್ಡು

ಭಾನುವಾರ ಬೆಳಿಗ್ಗೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳ ಸಂತೆ ಸೇರುತ್ತಿತ್ತು. ಆರಿನ್ ಟ್ಯಾಕೆಟ್ ಎಂದಿನಂತೆ ಕೊನೆಯ ಮೇಜಿಗೆ ಹೋಗಿ, 'ಯಾವುದು ತೆಗೆದರೂ ಒಂದು ಡಾಲರ್' ಎಂದು ಬರೆದಿದ್ದ ಉದ್ದನೆಯ ರಟ್ಟಿನ ಡಬ್ಬಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಬೆರಳುಗಳು ತಾವಾಗಿಯೇ ಕಾರ್ಡುಗಳ ಮೇಲೆ ಓಡತೊಡಗಿದವು. ಹುಡುಕುವವನ ಮುಖ ಹೇಗಿರಬೇಕೋ ಹಾಗೆ ಮುಖ ಮಾಡಿಕೊಳ್ಳುವುದು ನಾಲ್ಕು ವರ್ಷಗಳಿಂದ ಅವನಿಗೆ ರೂಢಿಯಾಗಿಬಿಟ್ಟಿತ್ತು.

ಮೇಜಿನ ಒಡತಿ ವರ್ನಾ ಕಾಫಿಯ ಲೋಟದ ಮೇಲಿಂದ ಅವನನ್ನು ನೋಡಿದಳು. "ಹ್ಯಾಥಾರ್ನ್‌ನ ಹೆಂಡ್ತಿ ಹತ್ರಾನೂ ಅವನದು ಇಷ್ಟೊಂದು ಫೋಟೋ ಇರಲಿಕ್ಕಿಲ್ಲ ಕಣಪ್ಪಾ," ಎಂದಳು.

"ಅವಳಿಗೆ ಎರಡು ಡಾಲರ್ ಮಿತಿ ಇಲ್ಲವಲ್ಲ," ಎಂದ ಆರಿನ್. ಪಕ್ಕದ ಮೇಜಿನವರು ನಕ್ಕರು. ಈ ಮಾತನ್ನೂ ಅವನು ಎಷ್ಟು ಸಲ ಆಡಿದ್ದನೋ.

ಎರಡು ಡಾಲರ್ ಮಿತಿ ಅಣ್ಣ ಲೀಲ್ಯಾಂಡನದು; ಯಾವ ಕಾರ್ಡಿಗೂ ಅದಕ್ಕಿಂತ ಹೆಚ್ಚು ಕೊಡುವಂತಿರಲಿಲ್ಲ. ಡೆಲ್ ಹ್ಯಾಥಾರ್ನ್ ಹದಿನೇಳು ವರ್ಷ ಆಡಿದ ದೊಡ್ಡ ಆಟಗಾರ. ಅವನು ಚೆಂಡನ್ನು ಮೈದಾನದಾಚೆ ಹೊಡೆದ ದಿನಗಳನ್ನು ಓಹಾಯೊದ ಆ ಊರಿನವರು ಈಗಲೂ ತಾರೀಖಿನ ಸಮೇತ ಹೇಳುತ್ತಿದ್ದರು. ಅವನ ಕಾಲದಲ್ಲಿ ಕಂಪನಿಗಳು ಕಾರ್ಡುಗಳನ್ನು ಲೆಕ್ಕವಿಲ್ಲದಷ್ಟು ಅಚ್ಚು ಹಾಕಿದ್ದರಿಂದ ಹೆಚ್ಚಿನವು ಚಿಲ್ಲರೆಗೇ ಸಿಗುತ್ತಿದ್ದವು. ಅಂಥ ಕಾರ್ಡುಗಳನ್ನು ಮಾತ್ರ ಲೀಲ್ಯಾಂಡ್ ಪಟ್ಟಿ ಮಾಡಿದ್ದ. ದುಡ್ಡು ಸುರಿದು ತಂದರೆ ಅದು ಕೊಳ್ಳುವುದಾಯಿತು, ಕೂಡಿಸುವುದಲ್ಲ ಎಂಬುದು ಅವನ ವಾದ. ಪಟ್ಟಿಯಲ್ಲಿ ಹ್ಯಾಥಾರ್ನ್‌ನ ಇನ್ನೂರ ಹದಿನಾರು ಕಾರ್ಡುಗಳ ಹೆಸರು. ಇನ್ನೂರ ಹದಿನೈದರ ಮೇಲೆ ಪೆನ್ಸಿಲ್ ಗೀಟು ಬಿದ್ದಿತ್ತು. ಉಳಿದದ್ದು ಒಂದು: ಅಕ್ಕಪಕ್ಕದ ನಾಲ್ಕೂರಿಗೆ ಬ್ರೆಡ್ ಹಂಚುತ್ತಿದ್ದ ಸಣ್ಣ ಕಂಪನಿಯೊಂದು ಒಂದೇ ಒಂದು ಬೇಸಿಗೆಯಲ್ಲಿ ಪೊಟ್ಟಣದೊಳಗೆ ಇಟ್ಟು ಕೊಟ್ಟ ಕಾರ್ಡು.

ಆ ಕಾರ್ಡು ಹೊರಗೆ ನಿಲ್ಲಿಸಿದ್ದ ಆರಿನ್‌ನ ಕಾರಿನಲ್ಲಿ, ಡ್ಯಾಶ್‌ಬೋರ್ಡಿನ ಖಾನೆಯೊಳಗೆ, ಹಳೆಯ ರಸೀದಿಗಳ ಕೆಳಗೆ ಇತ್ತು.

ನಾಲ್ಕು ವರ್ಷದ ಹಿಂದೆ ಇಂಥದೇ ಒಂದು ಡಬ್ಬಿಯಲ್ಲಿ ಅದು ಅವನಿಗೆ ಸಿಕ್ಕಿತ್ತು. ಅದಕ್ಕೊಂದು ದಪ್ಪ ಪ್ಲಾಸ್ಟಿಕ್ ಚೌಕಟ್ಟು ಕೊಂಡ. ಎರಡು ಹಲಗೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಕಾರ್ಡು ಅಲುಗಾಡದಿರಲೆಂದು ಸ್ಕ್ರೂಗಳನ್ನು ಬಲವಾಗಿ ತಿರುಗಿಸಿದ. ಅಣ್ಣನೂ ತಾನೂ ಇರುವ ಮನೆಗೆ ಹೊರಟ. ಬಾಗಿಲಲ್ಲಿ ಕಾರು ನಿಲ್ಲಿಸಿದ ಮೇಲೆ ಇಳಿಯಲಾಗಲಿಲ್ಲ.

ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ಸಿಡಿದು ಜೊತೆಗಾರರಿಬ್ಬರು ಕಣ್ಣೆದುರೇ ಸತ್ತ ಮೇಲೆ ಲೀಲ್ಯಾಂಡ್ ಮನೆಯ ಹೊಸಿಲು ದಾಟಿರಲಿಲ್ಲ. ಅವನಿಗೆ ವಾರವೆಂದರೆ ಭಾನುವಾರ ಮಧ್ಯಾಹ್ನ. ತಮ್ಮ ಸಂತೆಯಿಂದ ಬರುತ್ತಾನೆ, 'ಸಿಕ್ತಾ?' ಎಂದು ಕೇಳಬೇಕು, 'ಇಲ್ಲ' ಎಂದರೆ ಮುಂದಿನ ಭಾನುವಾರಕ್ಕೆ ಕಾಯಬೇಕು. ಗೀಟು ಬೀಳದ ಒಂದು ಹೆಸರಿನ ಮೇಲೆ ಅವನ ಬದುಕು ನಿಂತಿದೆ ಎಂದು ಆರಿನ್‌ಗೆ ಅನ್ನಿಸಿಬಿಟ್ಟಿತು. ಅಂದು ಅವನು ಕಾರ್ಡನ್ನು ಖಾನೆಯೊಳಗೆ ತಳ್ಳಿ, ಒಳಗೆ ಹೋಗಿ, ಇಲ್ಲ ಎಂದ. ಆಮೇಲೆ ಪ್ರತಿ ಭಾನುವಾರವೂ ಇಲ್ಲ ಎನ್ನಬೇಕಾಯಿತು.

ಇಂದಿಗೆ ಅದು ಮುಗಿಯಬೇಕಿತ್ತು. ರೂಥಾನ್ ಮನೆ ಮಾರಿದ್ದಳು. ಮಂಗಳವಾರ ದೂರದ ಟೂಸಾನ್ ಊರಿಗೆ ಹೊರಡುವವಳಿದ್ದಳು. ಆರು ವರ್ಷದಿಂದ ಶುಕ್ರವಾರದ ಊಟಕ್ಕೆ ಅವನ ಎದುರು ಕೂರುತ್ತಿದ್ದ ಹೆಂಗಸು. ಮೊನ್ನೆ ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕಾರಿನಲ್ಲಿ ಎಡಗಡೆ ನಾನು, ಬಲಗಡೆ ಸೀಟು ಖಾಲಿ, ಇನ್ನೊಮ್ಮೆ ಕೇಳುವುದಿಲ್ಲ ಎಂದು ಹೇಳಿದ್ದಳು. ಪಟ್ಟಿ ಮುಗಿದರೆ ಬರುತ್ತೇನೆ ಎಂದು ಅವನೂ ಹೇಳಿದ್ದ. ಪಟ್ಟಿ ಮುಗಿದಿದೆ ಎಂಬುದನ್ನು ಅವಳಿಗೂ ಹೇಳಿರಲಿಲ್ಲ.

ಅವನು ವರ್ನಾಳ ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಎದ್ದ.

ಮನೆಯಲ್ಲಿ ಲೀಲ್ಯಾಂಡ್ ಅಡುಗೆಮನೆಯ ಮೇಜಿನ ಮೇಲೆ ಆಲ್ಬಮ್ ಬಿಡಿಸಿಟ್ಟು ಕಾಯುತ್ತಿದ್ದ. ಒಲೆಯ ಮೇಲೆ ಹುರುಳಿಕಾಯಿಯ ಸೂಪು ಕುದಿಯುತ್ತಿತ್ತು. ಆಲ್ಬಮ್ಮಿನ ಒಂದೊಂದು ಹಾಳೆಗೆ ಒಂಬತ್ತು ಜೇಬು. ಕೊನೆಯ ಹಾಳೆಯ ಒಂಬತ್ತನೆಯ ಜೇಬು ಮಾತ್ರ ಖಾಲಿ.

"ಸಿಕ್ತಾ?"

ಆರಿನ್ ಚೌಕಟ್ಟನ್ನು ಮೇಜಿನ ಮೇಲಿಟ್ಟ. ವರ್ನಾಳ ಹತ್ತಿರ, ಇವತ್ತೇ, ಒಂದು ಡಾಲರಿಗೆ ಎಂದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ಸಲೀಸಾಗಿ ಬಂತು.

ಲೀಲ್ಯಾಂಡ್ ಅದನ್ನು ಎತ್ತಿಕೊಂಡ. ಕನ್ನಡಕ ಏರಿಸಿ ಎರಡೂ ಬದಿ ನೋಡಿದ. ಆಮೇಲೆ ಡ್ರಾಯರಿನಿಂದ ಗಡಿಯಾರ ಬಿಚ್ಚುವ ಸಣ್ಣ ಸ್ಕ್ರೂಡ್ರೈವರ್ ತಂದು ಕೂತ. ಜೇಬಿಗೆ ಹೋಗಬೇಕಾದರೆ ಕಾರ್ಡು ಹೊರಗೆ ಬರಲೇಬೇಕು. ಮೊದಲ ಸ್ಕ್ರೂ ಕಿರ್ರೆಂದಿತು. ಎರಡನೆಯದಕ್ಕೆ ಅವನು ಅಂಗೈ ಊರಬೇಕಾಯಿತು. ನಾಲ್ಕನ್ನೂ ಸಾಸರಿನಲ್ಲಿ ಸಾಲಾಗಿ ಇಟ್ಟು, ಮೇಲಿನ ಹಲಗೆಯನ್ನು ಮೆಲ್ಲಗೆ ಎತ್ತಿದ.

ಹಲಗೆಯ ಜೊತೆ ಕಾರ್ಡೂ ಮೇಲೆದ್ದಿತು. ಲೀಲ್ಯಾಂಡ್ ಉಗುರಿನಿಂದ ಒಂದು ಮೂಲೆ ಬಿಡಿಸಲು ನೋಡಿದ. ಸಣ್ಣಗೆ ಚರ್ರೆಂದ ಸದ್ದು. ಕಾಗದ ಕೆಳಗೆ ಬಂತು. ಹ್ಯಾಥಾರ್ನ್‌ನ ಮುಖ, ಟೋಪಿ, ಎತ್ತಿದ ಬ್ಯಾಟು ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಉಳಿದವು. ಕೈಯಲ್ಲಿ ಉಳಿದದ್ದು ಒಂದು ಬಿಳಿಯ ಚೂರು, ಹಿಂಬದಿಯಲ್ಲಿ ಹ್ಯಾಥಾರ್ನ್‌ನ ಆಟದ ಅಂಕಿಗಳು.

ಸೂಪು ಉಕ್ಕಿ ಒಲೆಯ ಮೇಲೆ ಸುಂಯ್ ಎಂದಿತು. ಇಬ್ಬರೂ ಏಳಲಿಲ್ಲ.

ಲೀಲ್ಯಾಂಡ್ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಿಗಿಯಾದ ಚೌಕಟ್ಟಿನಲ್ಲಿ ಕಾರ್ಡು ಅಂಟುವುದಕ್ಕೆ ಎಷ್ಟು ಕಾಲ ಬೇಕು, ಎಷ್ಟು ಬಿಸಿಲಿನ ಝಳ ಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಸಾಸರಿನಿಂದ ಒಂದು ಸ್ಕ್ರೂ ಎತ್ತಿಕೊಂಡು ಅದರ ತಲೆಯನ್ನು ನೋಡಿದ. ತಿರುಪಿ ತಿರುಪಿ ಅದರ ಸೀಳು ಸವೆದಿತ್ತು. ಚಿಕ್ಕಂದಿನಿಂದ ಆ ಮನೆಯಲ್ಲಿ ನಲ್ಲಿಯನ್ನಾಗಲಿ, ಉಪ್ಪಿನಕಾಯಿಯ ಜಾಡಿಯನ್ನಾಗಲಿ ಹಾಗೆ ಬಿಗಿಯುತ್ತಿದ್ದವನು ಒಬ್ಬನೇ.

"ಎಷ್ಟು ವರ್ಷ ಆಯ್ತು?"

ವರ್ನಾಳ ಹೆಸರು ಆರಿನ್‌ನ ನಾಲಿಗೆಯ ತುದಿಗೆ ಬಂತು, ಹೊರಡಲಿಲ್ಲ.

"ನಾಲ್ಕು."

"ನಾಲ್ಕು ವರ್ಷ ಪ್ರತಿ ಭಾನುವಾರ ಬಂದು ನನ್ನ ಮುಖ ನೋಡ್ಕೊಂಡು ಇಲ್ಲ ಅಂದೆ."

"ಸಿಕ್ಕಿಬಿಟ್ರೆ ನೀನು ಏನಾಗ್ತೀಯೋ ಅಂತ ಇತ್ತು."

"ನಾನೇನಾಗ್ತೀನಿ. ಸೂಪು ಮಾಡ್ಕೊಂಡು ತಿಂತಿರ್ತೀನಿ." ಲೀಲ್ಯಾಂಡ್ ಹಲಗೆಯನ್ನು ಬೋರಲಾಗಿ ಇಟ್ಟ. "ಆ ಹೆಂಗಸು ಹೋಗೋದು ಯಾವತ್ತು?"

ಆರಿನ್ ಬೆಚ್ಚಿದ. ರೂಥಾನ್ ವಿಷಯ ಅವನು ಈ ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

"ಶುಕ್ರವಾರ ಶುಕ್ರವಾರ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗ್ತೀಯ. ನಾನು ಹೊರಗೆ ಹೋಗಲ್ಲ ಅಷ್ಟೇ, ಕುರುಡ ಅಲ್ಲ."

"ಮಂಗಳವಾರ."

ಲೀಲ್ಯಾಂಡ್ ತಲೆಯಾಡಿಸಿದ. ಬಿಳಿಯ ಚೂರನ್ನು ತಿರುಗಿಸಿ, ಅಂಕಿಗಳಿದ್ದ ಬದಿ ಮೇಲೆ ಬರುವಂತೆ ಒಂಬತ್ತನೆಯ ಜೇಬಿಗೆ ಜಾರಿಸಿದ. ಪೆನ್ಸಿಲ್ ತೆಗೆದು ಪಟ್ಟಿಯ ಕೊನೆಯ ಹೆಸರಿನ ಮೇಲೆ ನೇರವಾಗಿ, ನಿಧಾನವಾಗಿ ಗೀಟು ಎಳೆದ.

"ಮುಗೀತು," ಎಂದ. "ಹೋಗು. ಸಾಮಾನು ತರೋಕೆ ಪಕ್ಕದ ಮನೆಯವರಿದ್ದಾರೆ."

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಆಚೆ ಕಾರು, ಅದರಾಚೆ ರಸ್ತೆ. ಆರಿನ್‌ನ ಕೈ ಜೇಬಿನ ಕೀಲಿಕೈಯನ್ನು ಹಿಡಿದಿತ್ತು. ಇಷ್ಟು ವರ್ಷ ತನ್ನನ್ನು ತಡೆದಿದ್ದಾನೆಂದು ಅವನು ನಂಬಿದ್ದ ಅಣ್ಣ, ಒಲೆಯ ಮೇಲೆ ಚೆಲ್ಲಿದ ಸೂಪು ಒರೆಸಲು ಬಟ್ಟೆ ಹಿಡಿದು ಏಳುತ್ತಿದ್ದ. ತಡೆಯುವವರು ಯಾರೂ ಇರಲಿಲ್ಲ. ಆರಿನ್ ಕೈಯನ್ನು ಜೇಬಿನಿಂದ ಹೊರಗೆ ತೆಗೆದ. ಟೂಸಾನಿನಲ್ಲಿ ಭಾನುವಾರ ಮಧ್ಯಾಹ್ನ ಏನು ಮಾಡುತ್ತಾರೆ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

"ಮುಖವೇ ಇಲ್ಲವಲ್ಲ ಅದಕ್ಕೆ," ಎಂದ ಆರಿನ್. ತನ್ನ ದನಿಯೇ ಅವನಿಗೆ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು. "ಹರಿದ ಕಾರ್ಡು ಲೆಕ್ಕಕ್ಕಿಲ್ಲ ಅಂತ ನೀನೇ ಹೇಳಿದ್ದೆ. ಬರೋ ಭಾನುವಾರ ನೋಡ್ತೀನಿ. ವರ್ನಾಗೂ ಹೇಳಿಟ್ಟಿರ್ತೀನಿ."

ಲೀಲ್ಯಾಂಡ್ ಒಲೆಯ ಬಳಿ ಬಟ್ಟೆ ಹಿಡಿದು ನಿಂತೇ ಅವನನ್ನು ನೋಡಿದ. ಆಮೇಲೆ ಮೇಜಿಗೆ ಬಂದು, ಆಲ್ಬಮ್ಮಿನ ಜೇಬಿನಿಂದ ಬಿಳಿಯ ಚೂರನ್ನು ಎರಡು ಬೆರಳಿನಲ್ಲಿ ಹೊರಗೆಳೆದು, ಪೆನ್ಸಿಲ್ಲಿನ ಹಿಂಬದಿಯ ರಬ್ಬರಿನಿಂದ ಗೀಟನ್ನು ಅಳಿಸತೊಡಗಿದ.